ಏಳು ಕಿಲೋಮೀಟರಿನ ರೊಟ್ಟಿ

ಆ ದಿನವೂ ಎಂದಿನಂತೆ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಹಾಲು ಕಾಯಲು ಇಟ್ಟೆ. ಯಜಮಾನರು ಪೇಪರಿನವನ ಸೈಕಲ್ ಸಪ್ಪಳಕ್ಕೆ ಎದ್ದು ಕುಳಿತು, ಚಹಾ ಬರುವವರೆಗೆ ಕಣ್ಣು ಬಿಡುವುದಿಲ್ಲವೆಂಬಂತೆ ಗೋಡೆಗೆ ಒರಗಿದರು. ಎದುರುಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಬೈಲಹೊಂಗಲದ ನಮ್ಮ ಓಣಿಗೆ ಬೆಳಗಾಗುವುದೇ ಆ ಸದ್ದಿನಿಂದ. ಆದರೆ ಅಂದು ಅದು ಆರಕ್ಕೇ ನಿಂತುಬಿಟ್ಟಿತು. ಹಾಲು ಉಕ್ಕುವ ಮೊದಲೇ ಎದುರುಮನೆಯ ಕಾಕು ನಮ್ಮ ಹೊಸ್ತಿಲಿಗೆ ಬಂದು ನಿಂತಿದ್ದರು. ಹಸಿರು ಇಳಕಲ್ ಸೀರೆ, ಹೆಗಲಿಗೆ ಜೋಳಿಗೆ ಚೀಲ, ಕಿವಿಯ ಹಿಂದೆ ಒರೆಸಲು ಮರೆತ ಜೋಳದ ಹಿಟ್ಟು.

“ಕಾನ್ವೆಂಟಕ್ಕಾ, ಫೋನಿಗೆ ಕರೆಂಟ್ ಹಾಕೀದಿ ಇಲ್ಲ?”

“ಹಾಕೀನ್ರಿ ಕಾಕು. ಪೂರಾ ತುಂಬೇತಿ.”

“ಹಂಗಾರ ನಡಿ. ಪೌಣೇ ಏಳರ ಬಸ್ಸಿಗೆ ಸೀಟ ಹಿಡಿಯೂನು. ನಿನ್ನ ಗಂಡಗ ಇವತ್ತ ಒಂದ್ ದಿನ ತನ್ನ ಚಾ ತಾನ ಸೋಸ್ಕೊಳ್ಳಾಕ ಹೇಳು.”

ನಾನು ಮದುವೆಯಾಗಿ ಈ ಓಣಿಗೆ ಬಂದಾಗ ಅವರಿಗೆ ಐವತ್ತರ ಹತ್ತಿರ. ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಅಂದೆ; ಹೆಸರು ತಿಳಿಯುವ ಹೊತ್ತಿಗೆ ಹೆಸರಿನ ಅಗತ್ಯ ತೀರಿತ್ತು. ನಾನು ಸಿಸ್ಟರ್‌ಗಳ ಶಾಲೆಯಲ್ಲಿ ಓದಿದವಳೆಂದು ಅವರು ನನ್ನನ್ನು ಕಾನ್ವೆಂಟಕ್ಕ ಎಂದು ಕಾಡುತ್ತಿದ್ದರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು ನನ್ನನ್ನು ಅಕ್ಕ ಅನ್ನುವುದು ಕೇಳಿ ಅತ್ತೆಯವರು ಮುಸಿಮುಸಿ ನಗುತ್ತಿದ್ದರು. ಹೋದ ವರ್ಷ ಸುಗ್ಗಿಯ ಹೊತ್ತಿಗೆ ಕಾಕು ತೀರಿಕೊಂಡರು. ಅವರ ಬಗ್ಗೆ ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಆ ಒಂದು ದಿನವೇ ಮುಂದೆ ಬಂದು ನಿಲ್ಲುತ್ತದೆ. ಅದಕ್ಕೇ ಅಲ್ಲಿಂದಲೇ ಹಿಡಿದಿದ್ದೇನೆ.

ಅವರ ಕಸುಬು ರೊಟ್ಟಿ. ದಿನವೂ ಮೂರು ಗಂಟು: ಕಿತ್ತೂರಿನ ಖಾನಾವಳಿಗೆ ಒಂದು, ಸವದತ್ತಿಗೆ ಒಂದು, ರಾಮದುರ್ಗಕ್ಕೆ ಒಂದು. ಬಿಳಿ ಬಟ್ಟೆಯಲ್ಲಿ ಕಟ್ಟಿ ಬೆಳಗಿನ ಬಸ್ಸುಗಳ ಕಂಡಕ್ಟರರ ಕೈಗೆ ಕೊಡುವರು. ಮೂರಕ್ಕೂ ಒಂದೇ ಹಿಟ್ಟು, ಒಂದೇ ಹಂಚು. ಸುಡುವ ಹದ ಮಾತ್ರ ಬೇರೆ. ಕಿತ್ತೂರಿನದು ಕರವಸ್ತ್ರದ ಹಾಗೆ ಮಡಚಬಹುದಾದ ಮೆತ್ತನೆಯದು. ಸವದತ್ತಿಯದಕ್ಕೆ ಒಂದು ಮಗ್ಗುಲು ಹೆಚ್ಚು ಬೆಂಕಿ. ರಾಮದುರ್ಗದ ಬಸ್ಸು ಹಾದಿಯ ಊರುಗಳನ್ನೆಲ್ಲ ಮಾತಾಡಿಸಿಕೊಂಡು ಹೋಗುವುದರಿಂದ, ಅದಕ್ಕೆ ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದ ಖಡಕ್ ರೊಟ್ಟಿ. ಮೆತ್ತನೆಯದನ್ನು ಅಷ್ಟು ಹೊತ್ತು ಗಂಟಿನಲ್ಲಿಟ್ಟರೆ ಬೆವತು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಒಮ್ಮೆ ಹೊಸ ಕಂಡಕ್ಟರ್ ಒಬ್ಬ ಗಂಟು ಅದಲುಬದಲು ಮಾಡಿ ರಾಮದುರ್ಗದವರಿಗೆ ಕಿತ್ತೂರಿನ ರೊಟ್ಟಿ ಮುಟ್ಟಿಸಿದ. ಮರುದಿನ ಕಾಕು ಅವನನ್ನು ಬೈಯಲಿಲ್ಲ. “ತಮ್ಮಾ, ಬಸ್ಸಿನ್ಯಾಗ ಮಂದೀನ್ನ ಇಳಸೂವಾಗರೆ ಊರ ನೋಡಿ ಇಳಸ್ತೀಯಿಲ್ಲೋ?” ಎಂದರು, ಅಷ್ಟೇ. ಅಂದಿನಿಂದ ಅವನು ಗಂಟುಗಳನ್ನು ತನ್ನ ಸೀಟಿನ ಪಕ್ಕವೇ ಇಟ್ಟುಕೊಂಡು ಹೋಗುತ್ತಿದ್ದ.

ಹೀಗಾಗಿ ಯಾವ ಊರು ಎಷ್ಟು ದೂರವೆಂಬುದು ಅವರ ಬೆರಳತುದಿಯಲ್ಲಿತ್ತು. ಕಿಲೋಮೀಟರ್ ಎಂದರೆ ಮಾತ್ರ ಆಗುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ನಾನು ಬೆಳಗಾವಿಯ ತವರುಮನೆಯನ್ನು ನೆನೆದು ಹಿತ್ತಲಲ್ಲಿ ಕಣ್ಣೀರು ಹಾಕುತ್ತಿದ್ದೆ. ಅದು ಕಾಕುವಿನ ಕಣ್ಣಿಗೆ ಬಿತ್ತು.

“ಎಷ್ಟ ದೂರ ಅದಾಳ ನಿಮ್ಮವ್ವ?”

“ಐವತ್ತ ಕಿಲೋಮೀಟರ್ ಆಗಬಹುದ್ರಿ.”

“ಅದು ರಸ್ತೇದ ಬಾಜೂಕಿನ ಕಲ್ಲಿನ ಲೆಕ್ಕ. ಮುಂಜಾನಿ ಹೊಂಟ್ರ ಎಷ್ಟೊತ್ತಿಗೆ ಮುಟ್ಟತೀ, ಅದನ್ನ ಹೇಳು.”

ನನಗೆ ಸರಿಯಾಗಿ ಗೊತ್ತಿರಲಿಲ್ಲ. ಕಾರಿನಲ್ಲಿ ಅತ್ತುಕೊಂಡು ಬಂದವಳಿಗೆ ಹೊತ್ತು ಹೇಗೆ ಗೊತ್ತಾಗಬೇಕು? ಕಾಕು ಮನೆಯ ಗುರುತು ಕೇಳಿಕೊಂಡು ಹೋದರು. ಮರುದಿನ ನಡುಮಧ್ಯಾಹ್ನ ನನ್ನ ಮುಂದೆ ಒಂದು ಬಿಳಿ ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ನನ್ನ ಅವ್ವನ ಕೈಯ ಮಾವಿನಕಾಯಿ ಉಪ್ಪಿನಕಾಯಿ, ನಾನು ಮದುವೆಗೆ ಮುಂಚೆ ತೊಡುತ್ತಿದ್ದ ಒಂದು ಹಳೆಯ ರವಿಕೆಯ ತುಂಡಿನಲ್ಲಿ ಸುತ್ತಿದ್ದು. ಮುಂಜಾನೆಯ ಬೆಳಗಾವಿ ಬಸ್ಸಿನ ಕಂಡಕ್ಟರನ ಕೈಲಿ ನಮ್ಮ ಮನೆಗೆ ರೊಟ್ಟಿ ಕಳಿಸಿ, ಅಲ್ಲಿ ನನ್ನ ತಮ್ಮನನ್ನು ಬಸ್ ನಿಲ್ದಾಣಕ್ಕೆ ಓಡಿಸಿ, ಮರುಬಸ್ಸಿಗೆ ಇದನ್ನು ತರಿಸಿದ್ದರು. “ನೋಡಿಲ್ಲಿ, ನಿಮ್ಮವ್ವ ಇಷ್ಟ ದೂರ ಅದಾಳ. ಹೊಳ್ಳಿ ಬರೂ ಹೊತ್ತಿಗೆ ನಿಮ್ಮತ್ತಿ ಊಟಾನೂ ಮುಗಿದಿಲ್ಲ. ಎದಕ ಅಳ್ತಿ?” ನಾನು ಅತ್ತದ್ದು ಅದೇ ಕೊನೆ.

ಈಗ ಆ ದಿನಕ್ಕೆ ಬರುತ್ತೇನೆ.

ಕಾಕು ತಮ್ಮ ಒಬ್ಬಳೇ ಮಗಳನ್ನು ಮಲಪ್ರಭೆಯ ಆಚೆದಂಡೆಯ ಒಂದು ಊರಿಗೆ ಕೊಟ್ಟಿದ್ದರು, ರಾಮದುರ್ಗದ ಕಡೆ. ಆ ಮಗಳ ಮಗಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದಳು. ಹುಡುಗಿಗೆ ವಿಜ್ಞಾನ ಓದಬೇಕು. ವಿಜ್ಞಾನವಿರುವ ಕಾಲೇಜು ಈಚೆದಂಡೆಯಲ್ಲಿ, ಸವದತ್ತಿಯ ದಾರಿಯ ಒಂದು ದೊಡ್ಡ ಊರಲ್ಲಿ; ಪಕ್ಕದಲ್ಲೇ ಹುಡುಗಿಯರ ಹಾಸ್ಟೆಲ್. ಹಾಸ್ಟೆಲ್ ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಇಲ್ಲ. ಅವಳಪ್ಪ ಕೆಟ್ಟವನಲ್ಲ. “ದಿನಾ ಆರ್ ತಾಸ ಬಸ್ಸಿನ್ಯಾಗ ಕುಂತ ಹುಡುಗಿ ಓದೂದರೆ ಯಾವಾಗ? ಹೊಲಿಗಿ ಕ್ಲಾಸಿಗೆ ಹಾಕೂನು” ಎಂದುಬಿಟ್ಟಿದ್ದ. ಹುಡುಗಿ ಎರಡು ದಿನ ಊಟ ಬಿಟ್ಟಿದ್ದಳಂತೆ.

ಹಾಸ್ಟೆಲ್ಲಿನ ಪಟ್ಟಿ ಹಚ್ಚಿದಾಗ ಅವಳ ಹೆಸರು ತಳದಲ್ಲಿತ್ತು. ದೂರದವರಿಗೆ ಮೊದಲು ಜಾಗ, ಹತ್ತಿರದವರಿಗೆ ಆಮೇಲೆ ಎಂಬ ನಿಯಮ. ಇವಳ ಮುಂದೆ ಬರೆದಿತ್ತು: ಏಳು ಕಿಲೋಮೀಟರ್. ಕಂಪ್ಯೂಟರಿನ ನಕಾಶೆಯಲ್ಲಿ ಊರಿನಿಂದ ಕಾಲೇಜಿಗೆ ಒಂದು ಗೆರೆ ಎಳೆದು ಅಳೆದಿದ್ದರು. ನಡುವೆ ಹೊಳೆ ಇರುವುದು ಗೆರೆಗೆ ಗೊತ್ತಿರಲಿಲ್ಲ. ಸೇತುವೆ ಎಲ್ಲೋ ದೂರದಲ್ಲಿ. ಅದನ್ನು ಸುತ್ತಿ, ಬಸ್ಸು ಬದಲಿಸಿ ಬರಬೇಕು.

ನಾನು ಸಿಸ್ಟರ್‌ಗಳು ಕಲಿಸಿದ ಅಕ್ಷರದಲ್ಲಿ ಇಂಗ್ಲಿಷಿನಲ್ಲೊಂದು, ಕನ್ನಡದಲ್ಲೊಂದು ಅರ್ಜಿ ಬರೆದುಕೊಟ್ಟೆ. ‘ಆಕ್ಷೇಪಣೆ ಇದ್ದವರು ಖುದ್ದಾಗಿ ಬರಬೇಕು, ಮಧ್ಯಾಹ್ನ ಒಂದು ಗಂಟೆಗೆ ಪಟ್ಟಿ ಅಂತಿಮ’ ಎಂಬ ಒಂದು ಸಾಲಿನ ಉತ್ತರ ಬಂತು. ಹಿಂದಿನ ದಿನ ಕಾಕುವನ್ನು ಪಕ್ಕ ಕೂರಿಸಿಕೊಂಡು ಫೋನಿನಲ್ಲಿ ಎರಡೂ ಊರಿನ ಹೆಸರು ಹಾಕಿ ಹುಡುಕಿದೆ. ಯಾವುದೋ ಪುಟ ತೆರೆಯಿತು. ವಿಮಾನದ ಹಾದಿಯ ದೂರ ಏಳು ಕಿಲೋಮೀಟರ್, ಪ್ರಯಾಣದ ಸಮಯ ಒಂದು ನಿಮಿಷಕ್ಕೂ ಕಡಿಮೆ ಎಂದಿತ್ತು.

ಓದಿ ಹೇಳಿದೆ. ಕಾಕು ಫೋನಿನೊಳಗೆ ಬಗ್ಗಿ ನೋಡಿದರು. “ಅಲ್ಲಬೇ, ವಿಮಾನಾ ಎಲ್ಲಿ ಇಳೀತೈತಂತ? ನಮ್ಮ ಅಳ್ಯಾನ ಉಳ್ಳಾಗಡ್ಡಿ ಹೊಲದಾಗೇನು?” ಎಂದು ನಕ್ಕರು. ಆಮೇಲೆ ಮಗಳಿಗೆ ಫೋನು ಹಚ್ಚಿಸಿಕೊಂಡು ಬಾಗಿಲ ಹೊರಗೆ ಹೋಗಿ ಏನೋ ಮಾತಾಡಿದರು. ನನಗೆ ಹೇಳಿದ್ದು ಫೋನು ಚಾರ್ಜ್ ಮಾಡಿಟ್ಟುಕೋ ಎಂದಷ್ಟೇ.

ಆ ದಿನ ನಾವು ಹಾಸ್ಟೆಲ್ಲಿನ ಕಚೇರಿ ಮುಟ್ಟಿದಾಗ ಒಂಬತ್ತಾಗಿತ್ತು. ಉದ್ದನೆಯ ಕೋಣೆ, ಬೆಂಚುಗಳ ಮೇಲೆ ತಂದೆತಾಯಿಯರು, ಎದುರಿನ ಮೇಜಿನಲ್ಲಿ ಪಟ್ಟಿ ಮಾಡುವ ಸಾಹೇಬರು. ಚಿಕ್ಕ ವಯಸ್ಸು, ಮೈಸೂರು ಕಡೆಯ ಮಾತು. ಪೆನ್ನಿನ ತುದಿಯನ್ನು ಕಚ್ಚಿ ಕಚ್ಚಿ ಚಪ್ಪಟೆ ಮಾಡಿದ್ದರು. ನಮ್ಮ ಸರದಿ ಬಂದಾಗ ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿ ಗೆರೆಯನ್ನು ತೋರಿಸಿದರು.

“ನೋಡಿಮ್ಮಾ, ಏಳೇ ಕಿಲೋಮೀಟರ್ ಇರೋದು. ಎಲ್ಲರಿಗೂ ಹೀಗೇ ಅಳ್ದಿರೋದು. ನಾನೇನ್ ಮಾಡ್ಲಿ?”

“ಗೆರಿ ಚಂದ ಐತ್ರಿ ಸಾಹೇಬ್ರ,” ಎಂದರು ಕಾಕು. “ನಾ ಓದಿದಾಕಿ ಅಲ್ಲ. ಮೂವತ್ತ ವರ್ಷ ರೊಟ್ಟಿ ಬಸ್ಸಿಗೆ ಹಾಕೀನಿ. ಒಂದ ರೊಟ್ಟಿ ಅಲ್ಲಿಂದ ಇಲ್ಲೀತನಕಾ ಬರಲಿ, ನೀವ ಕಣ್ಣಿಲೆ ನೋಡ್ರಿ. ಏಳು ಕಿಲೋಮೀಟರ ಆದ್ರ ಬಿಸಿ ಇರಬೇಕು. ಬಿಸಿ ಇತ್ತಂದ್ರ ನಾ ಎದ್ದ ಹೊಕ್ಕೀನಿ.”

ಬೆಂಚಿನ ಮೇಲಿದ್ದವರು ನಕ್ಕರು. ಸಾಹೇಬರೂ ನಕ್ಕರು, ಆದರೆ ಬೇಡ ಅನ್ನಲಿಲ್ಲ. ನಾನು ವಿಡಿಯೊ ಕಾಲ್ ಹಚ್ಚಿದೆ. ಆ ಊರಲ್ಲಿ ವಿಡಿಯೊಗೆ ಸಾಕಾಗುವಷ್ಟು ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಅದಕ್ಕೇ ಕಾಕುವಿನ ಮಗಳು ಮಾಳಿಗೆಯ ಮೇಲೇ ಮೂರು ಕಲ್ಲಿಟ್ಟು ಒಲೆ ಹೂಡಿದ್ದಳು. ಬಿಸಿಲಲ್ಲಿ ಹಂಚು, ಪಕ್ಕದಲ್ಲಿ ಹಿಟ್ಟಿನ ಬುಟ್ಟಿ, ಎರಡು ಜಡೆಯ ಹುಡುಗಿ ಕೈಯಲ್ಲಿ ಫೋನು ಹಿಡಿದು ನಿಂತಿದ್ದಳು.

“ಇದು ನಿಮ್ಮೂರೇ ಅಂತ ಹೇಗ್ ನಂಬ್ಲಿ?” ಎಂದರು ಸಾಹೇಬರು.

“ಫೋನ್ ತಿರಗಿಸವ್ವಾ,” ಎಂದರು ಕಾಕು. ಹುಡುಗಿ ತಿರುಗಿಸಿದಳು. ಕೆಳಗೆ ಕೆಂಪು ನೀರಿನ ಅಗಲವಾದ ಹೊಳೆ. ಅದರಾಚೆ, ದೂರದಲ್ಲಿ, ಒಂದು ನೀರಿನ ಟಾಕಿ. ಸಾಹೇಬರು ಫೋನನ್ನೂ ಕಿಟಕಿಯನ್ನೂ ನೋಡಿದರು. ಅದೇ ಟಾಕಿ ನಮ್ಮ ಕಿಟಕಿಯ ಹೊರಗೆ ನಿಂತಿತ್ತು.

“ಕಾಣ್ತಾ ಇದೆಯಲ್ಲಮ್ಮಾ! ಇಷ್ಟ್ ಹತ್ರ ಇದೆ!”

“ಚಂದ್ರಾಮನೂ ಕಾಣ್ತಾನ್ರಿ ಸಾಹೇಬ್ರ.”

ಈ ಸಲ ನಗು ಜೋರಾಯಿತು. ಸಾಹೇಬರು ಕಿವಿ ಕೆಂಪಾಗಿಸಿಕೊಂಡು, ಬೇರೆ ರೊಟ್ಟಿ ತಂದು ತೋರಿಸಬಾರದೆಂದು ಒಂದು ಗುರುತು ಹಾಕಿಸಿದರು. ಏಳು ಎಂದು ಬರೆಯಿರಿ ಎಂದರು. ಹುಡುಗಿ ಹಸಿ ರೊಟ್ಟಿಯ ಮೇಲೆ ಉಗುರಿನಿಂದ ಕನ್ನಡದ ಏಳನ್ನು ಒತ್ತಿದಳು. ಅವಳವ್ವ ಅದನ್ನು ಹಂಚಿಗೆ ಹಾಕಿದಳು. ರೊಟ್ಟಿ ಉಬ್ಬಿತು, ಏಳೂ ಅದರ ಜೊತೆ ಉಬ್ಬಿತು. ಹುಡುಗಿ ಅದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸಿಗೆ ಹೊರಟಳು. ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತು. ಸಾಹೇಬರು ಅದನ್ನು ಕಾಗದದ ಅಂಚಿನಲ್ಲಿ ಬರೆದುಕೊಂಡು, ಮುಂದಿನವರನ್ನು ಕರೆದರು.

ನಾವು ಬೆಂಚಿಗೆ ಬಂದು ಕುಳಿತೆವು. ನಾನು ಜೀವಮಾನದಲ್ಲಿ ಮೊದಲ ಸಲ ಬಸ್ಸು ತಡವಾಗಲಿ ಎಂದು ಪ್ರಾರ್ಥಿಸಿದೆ. ಮರುಕ್ಷಣವೇ ನೆನಪಾಯಿತು: ಒಂದು ಗಂಟೆ ಮೀರಿದರೆ ಪಟ್ಟಿ ಮುಚ್ಚುತ್ತದೆ. ಬೇಗ ಬಂದರೂ ಸೋಲು, ತೀರ ತಡವಾದರೂ ಸೋಲು. ಯಾವ ದೇವರಿಗೆ ಏನೆಂದು ಕೇಳಿಕೊಳ್ಳುವುದು? ಕಾಕು ಮಾತ್ರ ಸೀರೆಯ ಅಂಚಿಗೆ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ ಕುಳಿತಿದ್ದರು. ಹಿಟ್ಟು ಹೋದ ಮೇಲೂ ಅದೇ ಜಾಗವನ್ನು ಕೆರೆಯುತ್ತಲೇ ಇದ್ದರು.

ಹತ್ತಕ್ಕೆ ಇನ್ನೂ ಐದು ನಿಮಿಷವಿರುವಾಗ ನನ್ನ ಫೋನು ಬಡಿದುಕೊಂಡಿತು. ಕಾಕುವಿನ ಅಳಿಯ. ಕಾಕು ಮೊದಲು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅಳಿಯ ಹೊಳೆಯಾಚೆ ಇದ್ದರೇನಂತೆ, ಫೋನಿನಲ್ಲೂ ಅವನೆದುರು ತಲೆ ತೆರೆದು ಮಾತಾಡಿದವರಲ್ಲ. ಆಮೇಲೆ ಕಿವಿಗಿಟ್ಟುಕೊಂಡರು. ಅವನ ದನಿ ನಾಲ್ಕು ಬೆಂಚಿಗೆ ಕೇಳುವಷ್ಟಿತ್ತು.

“ಅತ್ತೀ, ಬಸ್ಸು ಇನ್ನೂ ಬಂದಿಲ್ಲ. ಚಿಂತೀ ಮಾಡಬ್ಯಾಡ್ರಿ. ತೆಪ್ಪದಾಂವನ್ನ ಹಿಡಿದೀನಿ. ಹೊಳಿ ದಾಟಿಸಿ, ಆಚಿ ಕಡೆ ನಮ್ಮ ಗೆಳ್ಯಾನ ಗಾಡಿ ಮ್ಯಾಲ ಅರ್ಧ ತಾಸಿನ್ಯಾಗ ಮುಟ್ಟಸ್ತೀನಿ. ಸಾಹೇಬ್ರನ್ನ ಕಾಯಸಬಾರದ್ರಿ!”

ಪಾಪ, ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಸಾಹೇಬರು ಕರೆದಿದ್ದಾರೆ ಎಂದರೆ ಓಡಬೇಕು. ನಮ್ಮ ಕಡೆಯ ಮಂದಿಗೆ ಅದಕ್ಕಿಂತ ಬೇರೆ ಮರ್ಯಾದೆ ಗೊತ್ತಿಲ್ಲ.

“ಅಳ್ಯಾರ!” ಕಾಕು ಎದ್ದು ನಿಂತರು. ಸೆರಗು ಜಾರಿತು, ಮತ್ತೆ ಎಳೆದುಕೊಂಡರು. “ಕೈ ಮುಗೀತೀನ್ರಿ, ತೆಪ್ಪಾ ಬಿಡ್ರಿ! ಬಸ್ಸಿಗೇ ನಿಲ್ಲಸ್ರಿ ಕೂಸಿನ್ನ! ಸಾಹೇಬ್ರನ್ನ ಕಾಯಸೂದ ಇವತ್ತಿನ ಕೆಲಸ ಐತ್ರಿ!”

ಕೋಣೆಯೆಲ್ಲ ತಿರುಗಿ ನೋಡಿತು. ಸಾಹೇಬರು ಪೆನ್ನು ಕೆಳಗಿಟ್ಟರು.

“ತೆಪ್ಪ ಇದ್ಯಾ ಅಲ್ಲಿ? ಮತ್ತೆ ದಿನಾ ಅದ್ರಲ್ಲೇ ಬರಬಹುದಲ್ಲಮ್ಮಾ.”

ಕಾಕು ಫೋನನ್ನು ನನ್ನ ಕೈಗೆ ಕೊಟ್ಟು, ನಿಧಾನವಾಗಿ ಮೇಜಿನ ಹತ್ತಿರ ಹೋದರು. ದನಿ ಏರಿಸಲಿಲ್ಲ.

“ಐತ್ರಿ. ಮೀನ ಹಿಡಿಯಾವಂದು. ಮಳಿಗಾಲದ ನೀರು ನೀವ ಈಗ ಫೋನಿನ್ಯಾಗ ನೋಡೀರಿ. ಸಾಹೇಬ್ರ, ನಿಮಗ ಮಕ್ಕಳದಾರೇನ್ರಿ?”

“ಒಬ್ಳು ಮಗಳಿದ್ದಾಳೆ. ಎಲ್‌ಕೆಜಿ.”

“ಆಕೀನ್ನ ದಿನಾ ಮುಂಜಾನಿ ಅದರಾಗ ಕುಂದರಸ್ತೀರೇನ್ರಿ?”

ಸಾಹೇಬರು ಲ್ಯಾಪ್‌ಟಾಪಿನ ಗೆರೆಯನ್ನು ನೋಡಿದರು, ಕಿಟಕಿಯ ಟಾಕಿಯನ್ನು ನೋಡಿದರು. “ಬಸ್ಸಲ್ಲೇ ಬರ್ಲಿ,” ಎಂದರು.

ಆಮೇಲೆ ಆ ಕೋಣೆಯ ಗಾಳಿಯೇ ಬದಲಾಯಿತು. ಕೆಲಸ ಮುಗಿದವರೂ ಮನೆಗೆ ಹೋಗಲಿಲ್ಲ. “ಈಗ ಎಲ್ಲಿಗಿ ಬಂತ್ರಿ ರೊಟ್ಟಿ?” ಎಂದು ಯಾರೋ ಕೇಳುವರು. ನಾನು ಹುಡುಗಿಗೆ ಫೋನು ಮಾಡಿ ಹೇಳುವೆ: ಹತ್ತೂಕಾಲಿಗೆ ಬಸ್ಸು ಹತ್ತಿದ್ದಾಳೆ, ಸೇತುವೆಯ ಕ್ರಾಸಿಗೆ ಬಂದು ಇಳಿದಿದ್ದಾಳೆ, ಎರಡನೆಯ ಬಸ್ಸಿಗೆ ನಿಂತಿದ್ದಾಳೆ, ಇನ್ನೂ ನಿಂತಿದ್ದಾಳೆ. ಹನ್ನೊಂದೂವರೆಗೆ ಜವಾನ ಚಹಾ ತಂದವನು ಕಾಕುವಿಗೇ ಮೊದಲು ಕೊಟ್ಟ. ಹನ್ನೆರಡಕ್ಕೆ ಸಾಹೇಬರೇ ತಲೆಯೆತ್ತಿ “ಬಂತಾ?” ಎಂದರು. ಹನ್ನೆರಡೂಕಾಲಿಗೆ ಯಾರೂ ನಗುತ್ತಿರಲಿಲ್ಲ. ಎಲ್ಲರೂ ಗಡಿಯಾರವನ್ನೇ ನೋಡುತ್ತಿದ್ದರು. ಹುಡುಗಿಯ ಫೋನು ಹತ್ತುತ್ತಿರಲಿಲ್ಲ. ಕಾಕು ನನ್ನ ಕೈ ಹಿಡಿದುಕೊಂಡರು. ಬೆಂಕಿಗೆ ಗಟ್ಟಿಯಾದ ಅವರ ಬೆರಳತುದಿಗಳು ನನ್ನ ಅಂಗೈಯಲ್ಲಿ ಒತ್ತಿದವು.

ಹನ್ನೆರಡೂ ನಲವತ್ತಕ್ಕೆ ಬಾಗಿಲಲ್ಲಿ ಎರಡು ಜಡೆ ಕಾಣಿಸಿತು. ಮೊಣಕಾಲಿನವರೆಗೆ ಧೂಳು, ಒಂದು ಚಪ್ಪಲಿಯ ಬಾರು ಕಿತ್ತು ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಬಿಳಿ ಗಂಟು, ಎದೆಗವಚಿಕೊಂಡು. ಬೆಂಚುಗಳ ನಡುವೆ ದಾರಿ ತಾನಾಗಿ ಬಿಟ್ಟಿತು.

ಸಾಹೇಬರೇ ಗಂಟು ಬಿಚ್ಚಿದರು. ಏಳು ಹಾಗೇ ಇತ್ತು. ಗಂಟಿನಲ್ಲಿ ಒಂದೇ ಇದ್ದದ್ದರಿಂದ ರೊಟ್ಟಿ ಬೆವರದೆ ತಣ್ಣಗಾಗಿ, ಒಣಗಿ, ಅಂಚು ಮೇಲೆದ್ದು ನಿಂತಿತ್ತು. ಮಡಚಲು ನೋಡಿದರು. ಚಟ್ ಎಂದಿತು. ಏಳರ ನಡುವಿನಿಂದಲೇ ಎರಡು ಹೋಳಾಯಿತು.

ಹಿಂದಿನ ಬೆಂಚಿನಿಂದ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ.

“ರೊಟ್ಟೀನ ಫೈಲಿಗೆ ಲಗತ್ತಿಸೋಕಾಗಲ್ಲಮ್ಮಾ,” ಎಂದರು ಸಾಹೇಬರು, ಈಗ ಅವರೂ ನಗುತ್ತಿದ್ದರು. “ಬಸ್ ಟಿಕೆಟ್ ಇದ್ಯಾ ಮಗೂ?” ಹುಡುಗಿ ಕಂಪಾಸ್ ಪೆಟ್ಟಿಗೆಯಿಂದ ಎರಡು ಸೊನ್ನೆ ಟಿಕೆಟ್ ತೆಗೆದಳು. ಹೆಂಗಸರಿಗೆ ಪುಕ್ಕಟೆ ಕೊಡುವ ಆ ಚೀಟಿಯಲ್ಲಿ ಹತ್ತಿದ ಊರು, ಇಳಿಯುವ ಊರು, ಹೊತ್ತು ಎಲ್ಲ ಅಚ್ಚಾಗಿತ್ತು. ಸಾಹೇಬರು ಎರಡನ್ನೂ ಅರ್ಜಿಗೆ ಪಿನ್ನು ಹಾಕಿ ಸೇರಿಸಿದರು. ಏಳನ್ನು ಹೊಡೆದುಹಾಕಿ, ‘ಹೊಳೆ ಅಡ್ಡ ಇರುವುದರಿಂದ ಬಸ್ಸಿನ ದಾರಿಯನ್ನೇ ಪರಿಗಣಿಸಿದೆ’ ಎಂದು ಬರೆದು ಸಹಿ ಮಾಡಿದರು. ಆಚೆದಂಡೆಯ ಇನ್ನೂ ಇಬ್ಬರು ಹುಡುಗಿಯರ ಅರ್ಜಿಯನ್ನೂ ಹುಡುಕಿಸಿ ತೆಗೆಸಿದರು. ಇದರಿಂದ ಪಟ್ಟಿಯಲ್ಲಿ ಕೆಳಗಿಳಿದ ಹುಡುಗಿಯೊಬ್ಬಳ ಅಪ್ಪನ ಮುಖ ಸಣ್ಣದಾಯಿತು. ಆದರೂ ಅವನೇ ಎದ್ದು, “ಇರಲಿ ಬಿಡ್ರಿ, ನಮ್ಮಾಕಿ ಸೈಕಲ್ ಮ್ಯಾಲ ಕಾಲ್ ತಾಸಿನ್ಯಾಗ ಬರ್ತಾಳ” ಎಂದ.

ಕಾಕು ಜೋಳಿಗೆಯಿಂದ ಶೇಂಗಾ ಚಟ್ನಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. “ಮುರದದ್ದು ಹಂಗ ಇಡಬಾರದ್ರಿ ಸಾಹೇಬ್ರ, ತಿನ್ರಿ.” ಸಾಹೇಬರು ಅರ್ಧ ಏಳನ್ನು ಚಟ್ನಿಗೆ ಒತ್ತಿ ಬಾಯಿಗಿಟ್ಟುಕೊಂಡರು. ಉಳಿದರ್ಧವನ್ನು ಹುಡುಗಿ ನಿಂತಲ್ಲೇ ತಿಂದಳು. ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ. ಆ ಹುಡುಗಿ ಈಗ ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ.

ಮರಳುವ ಬಸ್ಸಿನಲ್ಲಿ ಕಾಕು ಕಿಟಕಿಯ ಪಕ್ಕ ಕುಳಿತು, ಬೈಲಹೊಂಗಲ ಬರುವವರೆಗೂ ಒಂದೇ ಸಮನೆ ಮಾತಾಡಿದರು: ಆ ರೊಟ್ಟಿಯ ಬಗ್ಗೆ, ಮಗಳು ಅದನ್ನು ತುಸು ದಪ್ಪ ಬಡಿದದ್ದರ ಬಗ್ಗೆ, ತಾವೇ ಬಡಿದಿದ್ದರೆ ಇನ್ನೂ ಹೇಗೆ ಮುರಿಯುತ್ತಿತ್ತು ಎಂಬುದರ ಬಗ್ಗೆ. ಗೆದ್ದವರು ಹಾಗೆ ಮಾತಾಡುತ್ತಾರೆ. ಕಂಡಕ್ಟರನಿಗೂ ಕಥೆ ಹೇಳಿದರು. ಅವನು ಡ್ರೈವರನಿಗೆ ಹೇಳಿದ. ಡ್ರೈವರು ನಮ್ಮ ಓಣಿಯ ಬಾಯಿಗೇ ಬಸ್ಸು ನಿಲ್ಲಿಸಿ ಹಾರ್ನು ಹೊಡೆದು ಇಳಿಸಿದ.

ಸಂಜೆ ಬಿಸಿಲು ಇನ್ನೂ ಇತ್ತು. ಓಣಿಗೆಲ್ಲ ಅತ್ತಿಗೆಯಾದ ಮೂಲೆಮನೆಯ ವೈನಿ ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದರು. ಅವರ ತವರೂ ರಾಮದುರ್ಗದ ಕಡೆ. ಕಾಕು ನಿಂತು, ಸಾಹೇಬರ ಲ್ಯಾಪ್‌ಟಾಪಿನಿಂದ ಶೇಂಗಾ ಚಟ್ನಿಯವರೆಗೆ ಎಲ್ಲವನ್ನೂ ಕೈಬೀಸಿ ಹೇಳಿದರು. ವೈನಿ ಪೂರ್ತಿ ಕೇಳಿದರು. ಒಂದು ಕಲ್ಲು ಹೆಕ್ಕಿ ಓಣಿಗೆ ಎಸೆದರು. ಮೊರವನ್ನೊಮ್ಮೆ ಕುಲುಕಿದರು.

“ಇಷ್ಟಕ್ಕ ಹಾಸ್ಟೆಲ್ ಯಾಕ ಬೇಕಾತಬೇ?” ಎಂದರು. “ಹೊಳಿ ದಾಟಿದ್ರ ಅಲ್ಲೇ ಐತಲ್ಲ ಕಾಲೇಜು.”